ನೆರೆ ಪರಿಹಾರದಲ್ಲಿ ಮನೆ ಕಟ್ಟಿಸುವವರೇ, ಕಂತಿನ ದುಡ್ಡು ಗುತ್ತಿಗೆದಾರನ ಕೈಗೆ ಕೊಡಬೇಡಿ

ನೆರೆಗೆ ಮನೆ ಕಳೆದುಕೊಂಡವರು ದಯವಿಟ್ಟು ಪೂರ್ತಿ ಓದಿ. ಬರೆಯಲು ನಾಚಿಕೆ ಆಗುತ್ತಿದೆ. ಆದರೆ ನಾವು ಬಾಯಿ ಮುಚ್ಚಿಕೊಂಡು ಕೂತರೆ ನಮಗೆ ಮೋಸ ಮಾಡಿದ ಗುತ್ತಿಗೆದಾರ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ನಮ್ಮ ಮಣ್ಣಿನ ಮನೆ ಬಿತ್ತು. ಪಟ್ಟದಕಲ್ಲಿನ ಗುಡಿಗಳನ್ನೂ ನೀರು ಸುತ್ತುವರಿದ ಆ ವರ್ಷ. ಸರ್ವೆಯಲ್ಲಿ ನಮ್ಮದು ‘ಎ’ ಕೆಟಗರಿ, ಅಂದರೆ ಪೂರ್ತಿ ಬಿದ್ದ ಮನೆ ಅಂತ ಆಯಿತು, ಪರಿಹಾರ 5 ಲಕ್ಷ. ಅವ್ವನ ಹೆಸರಿಗೇ ಆದೇಶ, ಅವ್ವನ ಖಾತೆಗೇ ದುಡ್ಡು. ಮೊದಲು 1 ಲಕ್ಷ ಬಂತು. ಉಳಿದದ್ದು ಹೇಗೆ ಬರುತ್ತದೆ ಅಂತ ನಿಮಗೂ ಗೊತ್ತು: ಬುನಾದಿ ಆಗಬೇಕು, ಜಿಪಿಎಸ್ ಫೋಟೊ ಹೊಡೆಯಬೇಕು, ಆಮೇಲೆ ಮುಂದಿನ ಕಂತು. ಲಿಂಟಲ್‌ಗೂ (ಬಾಗಿಲು, ಕಿಟಕಿ ಮೇಲಿನ ಪಟ್ಟಿ) ಹಂಗೇ, ಸ್ಲ್ಯಾಬ್‌ಗೂ ಹಂಗೇ.

ಈ ಗುತ್ತಿಗೆದಾರ ಪಕ್ಕದ ಊರಿನವನು. ಪರಿಹಾರ ಮಂಜೂರಾದವರ ಮನೆಗಳನ್ನೇ ಹುಡುಕಿಕೊಂಡು ಬಂದ. “ಚಿಗವ್ವಾ, ನೀ ಬ್ಯಾಂಕು, ಪಂಚಾಯ್ತಿ ಅಂತ ಅಡ್ಡಾಡಬ್ಯಾಡ. ಎಲ್ಲಾ ನಾ ನೋಡ್ಕೋತೀನಿ, ಕೀಲಿ ತಂದು ಕೈಯಾಗ ಇಡ್ತೀನಿ” ಅಂದ. ಅವ್ವನನ್ನು ತನ್ನ ಬೈಕ್ ಮೇಲೆ ಬ್ಯಾಂಕಿಗೆ ಕರೆದೊಯ್ದು ಕೌಂಟರ್ ಮುಂದೆಯೇ ಎಣಿಸಿ ಜೇಬಿಗೆ ಹಾಕಿಕೊಂಡ. ಬುನಾದಿ ಮಾತ್ರ ಭರಭರ ಎದ್ದಿತು. ಏಳಲೇಬೇಕಲ್ಲ, ಫೋಟೊ ಆಗದಿದ್ದರೆ ಕಂತು ಬರುವುದಿಲ್ಲ! ಎರಡನೇ ಕಂತು ಬಂತು, ಅದನ್ನೂ ಒಯ್ದ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

ಫೋನ್ ಮಾಡಿದರೆ “ಉಸುಕು ಸಿಗವಲ್ದು.” ಮತ್ತೆ ಮಾಡಿದರೆ “ಗೌಂಡಿಗಳು ಊರಿಗೆ ಹೋಗ್ಯಾರ.” ಲಾಕ್‌ಡೌನ್ ಬಂದ ಮೇಲಂತೂ ಅವನಿಗೆ ನೆಪದ ಕೊರತೆಯೇ ಇಲ್ಲ. ಕೊನೆಗೆ “ನಿಮ್ಮ ಬಿಲ್ಲ ಆಗಿಲ್ರೀ ತಂಗಿ, ನಾ ಎಲ್ಲಿಂದ ಹಾಕ್ಲಿ?” ಅಂದ. ಬಿಲ್ ಆಗಬೇಕಾದರೆ ಗೋಡೆ ಲಿಂಟಲ್‌ಗೆ ಬರಬೇಕು. ಆ ಗೋಡೆ ಎಬ್ಬಿಸಲು ಕೊಟ್ಟ ದುಡ್ಡು ಅವನ ಹತ್ತಿರವೇ ಇದೆ!

ಕಣ್ಣು ಪೂರ್ತಿ ತೆರೆದದ್ದು ಸಿಮೆಂಟ್ ಅಂಗಡಿಯಲ್ಲಿ. ನಾವೇ ನಾಲ್ಕು ಚೀಲ ಒಯ್ದು ಕೆಲಸ ಶುರು ಮಾಡಿಸೋಣ ಅಂತ ಅವ್ವ, ನಾನು ಹೋಗಿದ್ದೆವು. ಹೆಸರು ಕೇಳಿದ ಸಾಹುಕಾರರು ಉದ್ರಿ ವಹಿ ತೆಗೆದು ನಮ್ಮತ್ತ ತಿರುಗಿಸಿದರು. “ಹಳೇದು ಮೊದಲು ಮುಟ್ಟಿಸ್ರಿ.” ಇಡೀ ಹಾಳೆ ಅವ್ವನ ಹೆಸರಿನಲ್ಲಿತ್ತು. ಸಿಮೆಂಟು, ಸಳಿ (ಕಬ್ಬಿಣದ ಸರಳು), ಬೈಂಡಿಂಗ್ ತಂತಿ, ತಾರೀಖಿನ ಸಮೇತ. ಸ್ಲ್ಯಾಬೇ ಕಾಣದ ಮನೆಗೆ ಸ್ಲ್ಯಾಬಿನ ಸಳಿ! ಆ ಮಾಲು ಇಳಿದದ್ದು ಬೇರೆ ಯಾರದೋ ಕಟ್ಟಡಕ್ಕೆ. ನಮ್ಮ ದುಡ್ಡೂ ಅವನ ಹತ್ತಿರ, ಸಾಲ ನಮ್ಮ ತಲೆ ಮೇಲೆ. ಗಿರಾಕಿಗಳ ಎದುರು ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಜೀವಮಾನದಲ್ಲಿ ಯಾರ ಹತ್ತಿರವೂ ಉದ್ರಿ ಹೇಳದ ಹೆಂಗಸು.

ಅಲ್ಲಿಂದಲೇ ಫೋನ್ ಹಚ್ಚಿದೆ. ಅವನ ಉತ್ತರ: “ಸರಕಾರ ಪುಕ್ಕಟ ಕೊಟ್ಟ ರೊಕ್ಕಕ್ಕ ಯಾಕಿಷ್ಟ ಹಾರಾಡ್ತೀರಿ?” ಪುಕ್ಕಟೆಯಂತೆ! ಮನೆ ಹೋಯಿತು, ಕಾಳುಕಡಿ ಹೋಯಿತು, ಅವ್ವ ತಗಡಿನ ಶೆಡ್‌ನಲ್ಲಿ ಬೇಸಿಗೆ ಕಳೆದಳು. ಅದಕ್ಕೆ ಬಂದ ದುಡ್ಡು ಇವನಿಗೆ ಪುಕ್ಕಟೆ.

ಸ್ಟೇಷನ್‌ಗೆ ಹೋದರೆ “ಬರಹದಾಗ ಏನೈತಿ?” ಅಂದರು. ಬರಹದಲ್ಲಿ ಏನೂ ಇರಲಿಲ್ಲ. ಕೊನೆಗೆ ಬಡ್ಡಿಗೆ ಸಾಲ ತಂದು ಲಿಂಟಲ್ ಮುಟ್ಟಿಸಿದ ಮೇಲೆಯೇ ಮುಂದಿನ ಕಂತು ಬಂತು. ಬಡ್ಡಿ ಇನ್ನೂ ಕಟ್ಟುತ್ತಿದ್ದೇವೆ.

ಆದ್ದರಿಂದ ದುಡ್ಡು ಖಾತೆಯಲ್ಲೇ ಇರಲಿ, ಆದ ಕೆಲಸಕ್ಕಷ್ಟೇ ಕೊಡಿ, ಅದೂ ಫೋನ್‌ಪೇ ಇಲ್ಲವೇ ಚೆಕ್‌ನಲ್ಲಿ. ಕರಾರು ಬಾಂಡ್ ಪೇಪರ್ ಮೇಲೆ ಬರೆಸಿ. ಸಿಮೆಂಟು, ಸಳಿ ನೀವೇ ತನ್ನಿ, ನಿಮ್ಮ ಹೆಸರಿಗೆ ಉದ್ರಿ ಬರೆಯಬಾರದು ಅಂತ ಅಂಗಡಿಯವರಿಗೆ ಮೊದಲೇ ಹೇಳಿಬಿಡಿ. “ಚಿಗವ್ವಾ” ಅಂತ ಬಂದವನಿಗಂತೂ ಒಂದು ರೂಪಾಯಿ ಮುಂಗಡ ಬೇಡ. ಮಲಪ್ರಭಾ ದಂಡೆಯ ಊರುಗಳವರು ಯಾರಾದರೂ ಈಗ ಮನೆ ಗುತ್ತಿಗೆ ಕೊಡುತ್ತಿದ್ದರೆ ನನಗೆ ಮೆಸೇಜ್ ಮಾಡಿ, ಅವನು ಯಾರು ಅಂತ ಹೇಳುತ್ತೇನೆ.