28/4 ತೇಲುವ ಫೀಡ್: ಚೀಲದ ಮೇಲಿನ ಪ್ರೋಟೀನ್ ಅಂಕಿ ನೋಡಿದರೆ ಸಾಲದು

ಕಾಟ್ಲಾ, ರೋಹು, ಮೃಗಾಲ್ ಮುಂತಾದ ಗೆಂಡೆ ಮೀನು ಸಾಕುವವರಿಗೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ನೀರಿನಲ್ಲಿ ತೇಲುವ ಕಾಳಿನ ರೂಪದ 28/4 ಫೀಡ್. ಶೇ 28 ಪ್ರೋಟೀನ್, ಶೇ 4 ಕೊಬ್ಬು. ಶೇಂಗಾ ಹಿಂಡಿಗೆ ಸಮಪಾಲು ಅಕ್ಕಿ ತೌಡು ಬೆರೆಸಿದರೂ ಹೆಚ್ಚುಕಡಿಮೆ ಅಷ್ಟೇ ಪ್ರೋಟೀನ್ ಬರುತ್ತದೆ. ಹಾಗಿದ್ದೂ ಫೀಡಿಗೆ ಹೆಚ್ಚು ದುಡ್ಡು ಕೊಡುವುದು ಮುಖ್ಯವಾಗಿ ಪ್ರೋಟೀನಿನ ಒಂದು ಘಟಕವಾದ ಲೈಸಿನ್‌ಗಾಗಿ.

ಇಂಥ ಘಟಕಗಳೇ ಅಮೈನೋ ಆಮ್ಲಗಳು; ಮೀನಿಗೆ ಆಹಾರದಿಂದಲೇ ಸಿಗಬೇಕಾದವು 10. ಅದರಲ್ಲಿ ಒಂದು ಕಡಿಮೆ ಬಿದ್ದರೂ ಬೆಳವಣಿಗೆ ಕುಂಟುತ್ತದೆ; ಮಿಕ್ಕವು ಮೈಗೆ ಹತ್ತದೆ ಅಮೋನಿಯಾ ಆಗಿ ನೀರಿಗೆ ಸೇರುತ್ತವೆ. ಸಾಮಾನ್ಯ ಗೆಂಡೆಗೆ (ಕಾಮನ್ ಕಾರ್ಪ್) ಪ್ರೋಟೀನಿನ ಶೇ 5.7ರಷ್ಟು ಲೈಸಿನ್ ಬೇಕು. ಅಂದರೆ ಶೇ 28ರ ಫೀಡಿನಲ್ಲಿ ಕಿಲೋಗೆ ಸುಮಾರು 16 ಗ್ರಾಂ. ಹಿಂಡಿ-ತೌಡಿನಲ್ಲಿ ಸಿಗುವುದು 11 ಗ್ರಾಂ ಆಸುಪಾಸು. ಸೋಯಾ ಹಿಂಡಿಯ ಫೀಡ್ ಈ ಕೊರತೆಯನ್ನು ಚೆನ್ನಾಗಿ ತುಂಬುತ್ತದೆ. ಆದರೆ ಸೋಯಾದಲ್ಲಿ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಕಡಿಮೆ. ಹಾಗಾಗಿ ಚೀಲದ ಪಟ್ಟಿಯಲ್ಲಿ ಮೀನುಪುಡಿ ಅಥವಾ ಡಿಎಲ್-ಮೆಥಿಯೋನಿನ್ (ಕಾರ್ಖಾನೆಯಲ್ಲಿ ತಯಾರಿಸಿದ ಮೆಥಿಯೋನಿನ್) ಇದೆಯೇ ನೋಡಿ. ಎರಡೂ ಇಲ್ಲದ ಫೀಡನ್ನು ನಾವು ಶಿಫಾರಸು ಮಾಡುವುದಿಲ್ಲ.

ಪ್ರೋಟೀನ್ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬಾರದು. ಪ್ರಯೋಗಾಲಯದಲ್ಲಿ ಪ್ರೋಟೀನನ್ನೇ ಅಳೆಯದೆ, ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. 100 ಕಿಲೋ ಫೀಡಿಗೆ ಸಾರಜನಕವಿರುವ ಯೂರಿಯಾ 1 ಕಿಲೋ ಸೇರಿಸಿದರೂ ಲೆಕ್ಕದಲ್ಲಿ ಪ್ರೋಟೀನ್ ಸುಮಾರು ಶೇ 2.9 ಏರುತ್ತದೆ, ಮೀನಿಗೆ ಒಂದು ಗ್ರಾಂ ಲೈಸಿನ್ ಕೂಡ ಹೆಚ್ಚು ಸಿಗುವುದಿಲ್ಲ. ಅನುಮಾನ ಬಂದರೆ ಅಮೈನೋ ಆಮ್ಲಗಳ ಪರೀಕ್ಷಾ ವರದಿಯನ್ನೇ ಕೇಳಿ. ಕಾಳುಗಳು ಕಪ್ಪಾಗಿ ಸೀದ ವಾಸನೆ ಬಂದರೆ ಬೇಡ: ಅತಿ ಬಿಸಿಯಲ್ಲಿ ಲೈಸಿನ್ ಸಕ್ಕರೆ ಅಂಶಕ್ಕೆ ಅಂಟಿಕೊಂಡು ಜೀರ್ಣವಾಗದೆ ಹೋಗುತ್ತದೆ.

ಹಿಂಡಿ-ತೌಡಿಗೇ ಲೈಸಿನ್ ಪುಡಿ ಸೇರಿಸಿದರೆ ಆಗದೇ? ಲೆಕ್ಕಕ್ಕೆ ಸರಿ. ಲೈಸಿನ್ ಹೈಡ್ರೋಕ್ಲೋರೈಡ್‌ನಲ್ಲಿ ಲೈಸಿನ್ ಶೇ 78. 100 ಕಿಲೋಗೆ ಸುಮಾರು 650 ಗ್ರಾಂ ಬೇಕು. ಆದರೆ ಸುಮ್ಮನೆ ಉದುರಿಸಿದರೆ ನೀರಿನಲ್ಲಿ ಕರಗಿ ಹೋಗುತ್ತದೆ. ತೂತು ಮಾಡಿದ ಚೀಲದಲ್ಲಿ ನೇತುಹಾಕುವ ಪದ್ಧತಿಯಲ್ಲಂತೂ ದುಡ್ಡು ನೀರುಪಾಲು. ಮೇಲಾಗಿ ಗೆಂಡೆಗೆ ಜಠರವಿಲ್ಲ. ಬಿಡಿ ಲೈಸಿನ್ ಬೇಗ ರಕ್ತಕ್ಕೆ ಸೇರುತ್ತದೆ, ಹಿಂಡಿಯ ಪ್ರೋಟೀನ್ ಜೀರ್ಣವಾಗುವಷ್ಟರಲ್ಲಿ ಅದು ಖರ್ಚಾಗಿರುತ್ತದೆ. ಬೇಯಿಸಿದ ಗಂಜಿಯಲ್ಲಿ ಕಲಸಿ ಉಂಡೆ ಕಟ್ಟಿ, ದಿನಕ್ಕೆ ಮೂರ್ನಾಲ್ಕು ಬಾರಿ ಕೊಟ್ಟರೆ ಸ್ವಲ್ಪ ಪ್ರಯೋಜನ.

ಹಸಿರು ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಇರುವ ಕೆರೆ, ಕೃಷಿಹೊಂಡಕ್ಕೆ 28/4 ಸಾಕು. ಉಳಿದ ಕೊರತೆಯನ್ನು ಪ್ಲವಕವೇ ನೀಗಿಸುತ್ತದೆ. ದಟ್ಟವಾಗಿ ಮರಿ ಬಿಟ್ಟ, ನೀರಿನಲ್ಲಿ ಕಟ್ಟಿದ ಬಲೆಯ ಪಂಜರಕ್ಕೆ ಸಾಲದು, ಅಲ್ಲಿ ಶೇ 32ರದ್ದನ್ನೇ ಕೊಳ್ಳಿ. ಇನ್ನು ಮೃಗಾಲ್ ತಳದಲ್ಲಿ ಮೇಯುವ ಮೀನು, ತೇಲುವ ಕಾಳು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಅದರ ಪಾಲಿಗೆ ಮುಳುಗುವ ಕಾಳನ್ನು ಬೇರೆಯಾಗಿ ಹಾಕಬೇಕು.