ಸ್ಕಿಪ್ಟನ್ನೋ, ಹ್ಯಾಲಿಫ್ಯಾಕ್ಸೋ? ಒಂದೇ ದಿನ ಇರುವವರಿಗೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಉಳಿದುಕೊಂಡು ಯಾರ್ಕ್‌ಷೈರಿನ ಹಳೆಯ ಊರೊಂದನ್ನು ನೋಡಬಯಸುವವರಿಗೆ ಸ್ಕಿಪ್ಟನ್ ಮತ್ತು ಹ್ಯಾಲಿಫ್ಯಾಕ್ಸ್ ಎರಡಕ್ಕೂ ನೇರ ರೈಲಿದೆ. ಆದರೆ ಮೊದಲನೆಯದು ಸಂತೆಯಿಂದ ಬೆಳೆದದ್ದು, ಎರಡನೆಯದು ಮಗ್ಗದಿಂದ.

ಸ್ಕಿಪ್ಟನ್ ಎಂದರೆ ಕುರಿಗಳ ಊರು. ಸುಣ್ಣಕಲ್ಲಿನ ಡೇಲ್ಸ್ ಕಣಿವೆಗಳ ದಕ್ಷಿಣದ ಹೆಬ್ಬಾಗಿಲಿನಂತಿರುವ ಇದಕ್ಕೆ 1204ರಲ್ಲಿ ಜಾನ್ ದೊರೆ ಸಂತೆಯ ಸನ್ನದು ನೀಡಿದನು. ಕೋಟೆಯ ಬುಡದಿಂದ ಇಳಿಯುವ ಅಗಲವಾದ ಹೈ ಸ್ಟ್ರೀಟಿನಲ್ಲಿ ಇಂದಿಗೂ ಅಂಗಡಿಗಳನ್ನು ಹೂಡುತ್ತಾರೆ. ಸೋಮವಾರ, ಬುಧವಾರ, ಶುಕ್ರವಾರ ಅಥವಾ ಶನಿವಾರ ಹೋಗಿ, ಸಂತೆ ಇರುವುದು ಅಂದೇ.

ಹ್ಯಾಲಿಫ್ಯಾಕ್ಸಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಪೆನ್ನೈನ್ ಬೆಟ್ಟಗಳ ಕಡಿದಾದ ಇಳಿಜಾರಿನ ಬಡಮಣ್ಣಿನಲ್ಲಿ ಬೇಸಾಯವೊಂದರಿಂದಲೇ ಹೊಟ್ಟೆ ತುಂಬದ ರೈತರು ಮನೆಯಲ್ಲೇ ಮಗ್ಗ ಹೂಡಿದರು. ಮರಳುಗಲ್ಲಿನ ಮೇಲಿಂದ ಹರಿದುಬರುವ ಮೆದುನೀರು ಉಣ್ಣೆ ತೊಳೆಯಲು ಹೇಳಿ ಮಾಡಿಸಿದಂತಿತ್ತು. ನೇಯ್ದ ತಾನುಗಳ ಮಾರಾಟಕ್ಕೆಂದೇ 1779ರಲ್ಲಿ ತೆರೆದ ಪೀಸ್ ಹಾಲ್, ವಿಶಾಲವಾದ ಅಂಗಳವೊಂದನ್ನು ಸುತ್ತುವರಿದ ಕಂಬಸಾಲುಗಳ ಹಿಂದೆ 315 ಕೋಣೆಗಳನ್ನು ಹೊಂದಿತ್ತು. ಉಗಿಯಂತ್ರದ ಗಿರಣಿಗಳು ಬಂದು ಕೈಮಗ್ಗ ಸೋತ ಮೇಲೆ, 1871ರಲ್ಲಿ, ಅದೇ ಕಟ್ಟಡವು ಹಣ್ಣು-ತರಕಾರಿಯ ಸಗಟು ಮಾರುಕಟ್ಟೆಯಾಯಿತು!

ವಯಸ್ಸಾದವರು ಜೊತೆಗಿದ್ದರೆ ಸ್ಕಿಪ್ಟನ್ ವಾಸಿ. ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಸಮತಟ್ಟಾದ ದಡದಲ್ಲಿ ನಿಧಾನವಾಗಿ ನಡೆಯಬಹುದು. ಹ್ಯಾಲಿಫ್ಯಾಕ್ಸಿನ ಏರುದಾರಿ ಮಂಡಿಯನ್ನು ಪರೀಕ್ಷಿಸುತ್ತದೆ. ಆದರೂ ಕೈಗಾರಿಕೆಯ ಚರಿತ್ರೆಯೇ ಮುಖ್ಯವೆನ್ನುವವರಿಗೆ ನಾನು ಹ್ಯಾಲಿಫ್ಯಾಕ್ಸನ್ನೇ ಹೇಳುತ್ತೇನೆ.