ನಾಲ್ಕು ಮಳೆಗಾಲ ಕಂಡ ನಮ್ಮ 9 ಇಂಚಿನ ಸರ್ಫೇಸ್ ಪ್ಲೇನರ್

ಮೊದಲೇ ಹೇಳಿಬಿಡುತ್ತೇನೆ, ನಾನು ಬಡಗಿ ಅಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದವನು. ಮೂರು ಎಕರೆ ಕಾಫಿ ತೋಟ ಇದೆ, ನೆರಳಿಗೆ ಹಾಕಿದ ಸಿಲ್ವರ್ (ಸಿಲ್ವರ್ ಓಕ್) ಮರಗಳಿವೆ. ಮರ ಕಡಿದಾಗಲೆಲ್ಲ ವ್ಯಾಪಾರಿ ಹೇಳಿದ ರೇಟಿಗೆ ಕೊಟ್ಟು ಸುಮ್ಮನಾಗುವುದು ಬೇಜಾರಾಗಿತ್ತು. ನಮ್ಮ ಮರದಲ್ಲೇ ಮನೆಗೆ ಮೇಜು, ಮಂಚ, ಕಿಟಕಿ ಮಾಡಿಸೋಣ ಅಂತ ಹಳೇ ಕಾಫಿ ಗೋಡೌನಿನಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಮಾಡಿದೆ. ಕೆಲಸ ಬಲ್ಲವರು ನಮ್ಮ ಆಚಾರ್ರು. ನಾನು ಅವರ ಕೈಕೆಳಗಿನ ಹುಡುಗ, ವಯಸ್ಸು ಅರವತ್ತು ದಾಟಿದೆ ಅಷ್ಟೆ.

ಮಷಿನ್ ಅಂದರೆ ವಿಡಿಯೋಗಳಲ್ಲಿ ಜಾಯಿಂಟರ್ ಅಂತ ಕರೆಯುತ್ತಾರಲ್ಲ, ಅದೇ. ನಮ್ಮ ಕಡೆ ಅಂಗಡಿಯಲ್ಲಿ ಕೇಳಬೇಕಾದರೆ ಸರ್ಫೇಸ್ ಪ್ಲೇನರ್ ಅನ್ನಬೇಕು. ನಾನು ತಂದದ್ದು 9 ಇಂಚು ಅಗಲದ್ದು, ಬೀಡಿನ (ಎರಕದ ಕಬ್ಬಿಣದ) ಎರಡು ಟೇಬಲ್ ಸೇರಿ ಐದಡಿ ಉದ್ದ, ನಡುವೆ ತಿರುಗುವ ಮೂರು ಬ್ಲೇಡಿನ ಉರುಳೆ, ಅಂದರೆ ಗುಂಡು ಕಟರ್, 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್. ಗುಜರಾತಿನ ಕಡೆಯ ಎರಕ. ಕಂಪನಿ ಹೆಸರು ಹೇಳುವುದಿಲ್ಲ, ಯಾಕಂದರೆ ಮುಂದೆ ಬೈಯುವುದಿದೆ. ಈ ಬೆಲೆಯ ಮಷಿನ್‌ಗಳೆಲ್ಲ ಹೆಚ್ಚು ಕಡಿಮೆ ಒಂದೇ ಜಾತಿ. ಬೇರೆ ಹೆಸರಿನದ್ದು ತಂದರೂ ನಿಮಗೆ ಇದೇ ತಲೆನೋವು, ಇದೇ ಸುಖ.

ಇನ್ನೊಂದು ಮಾತು ಮೊದಲೇ ತಿಳಿದಿರಲಿ. ಈ ಮಷಿನ್ ಹಲಗೆಯ ಒಂದು ಮುಖವನ್ನು ಚಪ್ಪಟೆ ಮಾಡುತ್ತದೆ, ಒಂದು ಅಂಚನ್ನು ಆ ಮುಖಕ್ಕೆ ಮೂಲೆಮಟ್ಟ ಮಾಡುತ್ತದೆ. ಅಷ್ಟೇ. ಎರಡೂ ಮುಖ ಒಂದೇ ದಪ್ಪಕ್ಕೆ ಬರಬೇಕಾದರೆ ಥಿಕ್‌ನೆಸ್ ಪ್ಲೇನರ್ ಬೇಕು. ನನಗೆ ಇದು ಗೊತ್ತಿರಲಿಲ್ಲ. ಮೊದಲ ವಾರ ಒಂದು ಹಲಗೆಯನ್ನು ತಿರುಗಿಸಿ ಮುರುಗಿಸಿ ಎರಡೂ ಕಡೆ ಓಡಿಸಿ ಓಡಿಸಿ, ಒಂದು ತುದಿ ಮುಕ್ಕಾಲು ಇಂಚು, ಇನ್ನೊಂದು ತುದಿ ಅರ್ಧ ಇಂಚು ಮಾಡಿ ಇಟ್ಟೆ. ಆಚಾರ್ರು ನೋಡಿ, "ಮೇಷ್ಟ್ರೇ, ಇದನ್ನ ಬಾಗಿಲ ಕೆಳಗೆ ಆಪಿಗೆ ಇಡಬಹುದು" ಅಂದರು.

ಸೆಟ್ಟಿಂಗ್ ವಿಷಯಕ್ಕೆ ಬರುತ್ತೇನೆ. ಹಣ ಕೊಟ್ಟ ದಿನ ಮಷಿನ್ ನಿಮ್ಮದಾಗುವುದಿಲ್ಲ, ನಮಗೆ ಹದಿನೈದು ದಿನ ಹಿಡಿಯಿತು. ಜೊತೆಗೆ ಬಂದ ಪುಸ್ತಕ ಅಂದರೆ ಎರಡು ಹಾಳೆ, ಅದರಲ್ಲಿ ಒಂದು ಹಾಳೆ ತುಂಬ ಬಿಡಿಭಾಗಗಳ ಪಟ್ಟಿ.

ಎಲ್ಲದರ ಮೂಲ ಔಟ್‌ಫೀಡ್ ಟೇಬಲ್, ಅಂದರೆ ಮರ ಬ್ಲೇಡ್ ದಾಟಿ ಹೋಗಿ ಕೂರುವ ಕಡೆಯದ್ದು. ಬ್ಲೇಡಿನ ಬಾಯಿ ತಿರುಗುವಾಗ ಎಷ್ಟು ಎತ್ತರಕ್ಕೆ ಬರುತ್ತದೋ ಈ ಟೇಬಲ್ ಸರಿಯಾಗಿ ಅಷ್ಟೇ ಎತ್ತರ ಇರಬೇಕು. ಒಂದು ಕೂದಲೆಳೆ ತಗ್ಗಿದ್ದರೂ, ಹಲಗೆಯ ಬಾಲ ಇನ್‌ಫೀಡ್ ಟೇಬಲ್ (ಬ್ಲೇಡಿಗೆ ಮುಂಚೆ ಮರ ಇಟ್ಟು ತಳ್ಳುವ ಕಡೆಯದ್ದು) ಬಿಡುತ್ತಿದ್ದಂತೆ ಬ್ಲೇಡಿನ ಮೇಲೆ ಕುಸಿದು ಕೊನೆಯ ಎರಡು ಇಂಚಿನಲ್ಲಿ ಹಳ್ಳ ಬೀಳುತ್ತದೆ. ಎತ್ತರ ಜಾಸ್ತಿಯಾದರೆ ಹಲಗೆಯ ಮೂತಿ ಟೇಬಲ್ ಅಂಚಿಗೆ ಬಡಿದು ನಿಲ್ಲುತ್ತದೆ. ಸ್ವಲ್ಪವೇ ಜಾಸ್ತಿಯಿದ್ದರೆ ಹತ್ತಿಕೊಂಡು ಹೋಗುತ್ತದೆ, ಆದರೆ ಮುಂದೆ ಹೋದಂತೆ ಕಡಿತ ಕಡಿಮೆಯಾಗಿ ಹಲಗೆ ಓರೆಯಾಗುತ್ತದೆ. ನಮ್ಮದು ಕಂಪನಿಯಿಂದ ಬಂದಾಗ ತಗ್ಗಿತ್ತು. ಮೊದಲ ಹತ್ತು ಹಲಗೆಗೆ ಬಾಲದಲ್ಲಿ ಹಳ್ಳ. ನಾವು ಮರದ್ದೇ ತಪ್ಪು ಅಂದುಕೊಂಡು ಹಲಗೆ ಬದಲಾಯಿಸುತ್ತಾ ಕೂತಿದ್ದೆವು!

ಅಳೆಯುವುದಕ್ಕೆ ದುಬಾರಿ ಗೇಜ್ ಬೇಕಾಗಿಲ್ಲ. ಪ್ಲಗ್ ಕಿತ್ತು ಪಕ್ಕಕ್ಕಿಡಿ. ನೇರವಾದ ಒಂದು ಮರದ ಪಟ್ಟಿಯನ್ನು ಔಟ್‌ಫೀಡ್ ಟೇಬಲ್ ಮೇಲೆ ಇಟ್ಟು, ತುದಿ ಬ್ಲೇಡಿನ ಮೇಲೆ ಚಾಚುವಂತೆ ಬಿಡಿ. ಟೇಬಲ್ ಅಂಚು ಬರುವಲ್ಲಿ ಪಟ್ಟಿಗೆ ಪೆನ್ಸಿಲ್ ಗೆರೆ ಹಾಕಿ. ಬೆಲ್ಟಿನ ಪುಲ್ಲಿ ಹಿಡಿದು ಕಟರನ್ನು ನಿಧಾನ ತಿರುಗಿಸಿದರೆ ಬ್ಲೇಡ್ ಪಟ್ಟಿಯನ್ನು ಮುಟ್ಟಿ ಸ್ವಲ್ಪ ಎಳೆದುಕೊಂಡು ಹೋಗುತ್ತದೆ. ಎಷ್ಟು ದೂರ ಹೋಯಿತು ಅಂತ ಎರಡನೇ ಗೆರೆ ಹಾಕಿ. ನಾವು 3 ಮಿಲಿಮೀಟರ್ ಇಟ್ಟುಕೊಂಡಿದ್ದೇವೆ. ಮೂರು ಬ್ಲೇಡಿಗೂ, ಪ್ರತಿ ಬ್ಲೇಡಿನ ಎಡ ತುದಿಗೂ ಬಲ ತುದಿಗೂ ಇದೇ ಅಳತೆ ಬರಬೇಕು. ಆರು ಅಳತೆ ಒಂದೇ ಬರುವ ತನಕ ಬ್ಲೇಡ್ ಏರಿಸಿ ಇಳಿಸಿ ಕೂರಿಸುವುದು ತಾಳ್ಮೆಯ ಕೆಲಸ. ಮೊದಲ ಸಲ ನಮಗೆ ಒಂದಿಡೀ ಭಾನುವಾರ ಹೋಯಿತು, ಈಗ ಮುಕ್ಕಾಲು ಗಂಟೆ. ಒಂದೇ ಬ್ಲೇಡ್ ಎತ್ತರ ಇದ್ದರೆ ಕೆಲಸವೆಲ್ಲ ಅದೊಂದೇ ಮಾಡುತ್ತದೆ, ಉಳಿದೆರಡು ಸುಮ್ನೆ ಗಾಳಿ ತಿರುಗಿಸುತ್ತವೆ. ಮರದ ಮೇಲೆ ಅಲೆ ಅಲೆ ಕಾಣುತ್ತದೆ.

ಬ್ಲೇಡಿನ ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯಬಾರದು. ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ, ಮೊದಲು ಸ್ವಲ್ಪ ಸ್ವಲ್ಪ, ಆಮೇಲೆ ಪೂರ್ತಿ. ಬಿಗಿದಾದ ಮೇಲೆ ಇನ್ನೊಬ್ಬರು ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು ಅನ್ನುವುದು ಆಚಾರ್ರ ನಿಯಮ. ಅವರು ಬಿಗಿದರೆ ನಾನು ನೋಡುತ್ತೇನೆ, ನಾನು ಬಿಗಿದರೆ ಅವರು. ಬ್ಲೇಡ್ ಹಾಕಿ ಮೊದಲ ಸಲ ಆನ್ ಮಾಡುವಾಗ ಇಬ್ಬರೂ ಕಟರಿನ ನೇರಕ್ಕೆ ನಿಲ್ಲುವುದಿಲ್ಲ. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಪ್ಲಗ್ ಕಿತ್ತು ಮತ್ತೆ ಬೋಲ್ಟ್ ನೋಡುತ್ತೇವೆ. ನಿಮಿಷಕ್ಕೆ ನಾಲ್ಕು ಸಾವಿರಕ್ಕೂ ಜಾಸ್ತಿ ಸುತ್ತು ತಿರುಗುವ ಗುಂಡಿನಿಂದ ಬ್ಲೇಡ್ ಕಿತ್ತು ಬಂದರೆ ಗೋಡೌನಿನ ಗೋಡೆಯೂ ತಡೆಯಲಿಕ್ಕಿಲ್ಲ.

ಇನ್ನು ಬೈಯುವ ಭಾಗ. ಮಷಿನ್ ಜೊತೆ ಬ್ಲೇಡ್ ಮುಚ್ಚುವ ಗಾರ್ಡ್ ಬರಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ, "ಎಲ್ಲರೂ ಹಾಗೇ ಓಡಿಸ್ತಾರೆ ಸಾರ್" ಅಂದರು. 9 ಇಂಚು ಬ್ಲೇಡ್ ಬಾಯಿ ತೆರೆದುಕೊಂಡು ತಿರುಗುತ್ತಿರುತ್ತದೆ, ನೀವು 3 ಇಂಚಿನ ಪಟ್ಟಿ ಓಡಿಸುತ್ತಿದ್ದರೆ ಉಳಿದ 6 ಇಂಚು ಬರೀ ಬಾಯಿ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಪಟ್ಟಿಯದ್ದು ಒಂದು ಸೇತುವೆ ಗಾರ್ಡ್ ಮಾಡಿಸಿದೆ. ಮರದ ದಪ್ಪಕ್ಕೆ ತಕ್ಕ ಹಾಗೆ ಎತ್ತಬಹುದು, ಅಗಲಕ್ಕೆ ತಕ್ಕ ಹಾಗೆ ಸರಿಸಬಹುದು. ಮರ ಅದರ ಅಡಿಯಲ್ಲಿ ಹೋಗುತ್ತದೆ, ಕೈ ಅದರ ಮೇಲೆ ದಾಟುತ್ತದೆ. ಅಲ್ಯೂಮಿನಿಯಂ ಯಾಕೆ ಅಂದರೆ, ಅಪ್ಪಿತಪ್ಪಿ ಬ್ಲೇಡಿಗೆ ತಗುಲಿದರೂ ಕಬ್ಬಿಣದಷ್ಟು ಅನಾಹುತ ಆಗುವುದಿಲ್ಲ.

ಗಾರ್ಡಿಗಿಂತ ದೊಡ್ಡ ತಪ್ಪು ಸ್ವಿಚ್. ಮನೆಯ ಮಿಕ್ಸಿಗೆ ಇರುವಂಥ ಒಂದು ಸಾದಾ ಆನ್-ಆಫ್ ಸ್ವಿಚ್ ಕೂರಿಸಿ ಕಳಿಸಿದ್ದರು. ಮಲೆನಾಡಿನ ಜುಲೈ ಹೇಗಿರುತ್ತದೆ ಗೊತ್ತಲ್ವಾ, ಎಲ್ಲೋ ಒಂದು ಕೊಂಬೆ ತಂತಿಗೆ ಬಿದ್ದರೆ ಕರೆಂಟು ಹತ್ತು ಸಲ ಹೋಗಿ ಹತ್ತು ಸಲ ಬರುತ್ತದೆ. ಮೊದಲ ವರ್ಷ ಹಲಸಿನ ಹಲಗೆ ಓಡಿಸುತ್ತಿದ್ದಾಗ ಕರೆಂಟು ಹೋಯಿತು. ಗುಂಡು ನಿಂತಿತು. ಆಚಾರ್ರು ಹಲಗೆ ತೆಗೆದಿಟ್ಟು, ಕಟರಿನ ಸಂದಿಯಲ್ಲಿ ಸಿಕ್ಕ ಸಿಪ್ಪೆಯನ್ನು ಬೆರಳಿನಿಂದ ತೆಗೆಯಲು ಬಗ್ಗಿದರು. ಅಷ್ಟರಲ್ಲಿ ಮನೆಯೊಳಗಿಂದ ನನ್ನ ಹೆಂಡತಿ ಕಾಫಿಗೆ ಕರೆದಳು, ಅವರು ತಿರುಗಿ "ಬಂದೆ ಅಕ್ಕಾ" ಅಂದರು. ಅದೇ ಕ್ಷಣಕ್ಕೆ ಕರೆಂಟು ಬಂತು, ಮಷಿನ್ ತಾನಾಗಿಯೇ ಓಡಲು ಶುರುವಾಯಿತು. ಆ ದಿನ ಕಾಫಿ ಕುಡಿಯುವಾಗ ಇಬ್ಬರೂ ಮಾತಾಡಲಿಲ್ಲ.

ಮಾರನೇ ದಿನವೇ ನೋ-ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಹಾಕಿಸಿದೆ. ಪಂಪ್‌ಸೆಟ್ಟಿಗೆ ಹಾಕುವಂಥದ್ದೇ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೋಟರಿನ ಆಂಪ್ಸ್ ಹೇಳಿದರೆ ಕೊಡುತ್ತಾರೆ. ಕರೆಂಟು ಹೋದರೆ ಅದು ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಗುಂಡಿ ಒತ್ತುವ ತನಕ ಮಷಿನ್ ಓಡುವುದಿಲ್ಲ. ಕೆಂಪು ಗುಂಡಿಯನ್ನು ಮೊಣಕಾಲಿಗೆ ಸಿಗುವ ಎತ್ತರದಲ್ಲಿ ಇಟ್ಟಿದ್ದೇವೆ. ನೀವು ಈ ಮಷಿನ್ ತರುವುದಾದರೆ, ಮೊದಲ ಹಲಗೆ ಓಡಿಸುವುದಕ್ಕೆ ಮುಂಚೆ ಇದೊಂದು ಮಾಡಿಸಿ. ಸ್ಟಾರ್ಟರ್ ಇದ್ದರೂ ಪ್ಲಗ್ ಕೀಳದೆ ಕಟರಿಗೆ ಬೆರಳು ಹಾಕುವುದಿಲ್ಲ, ಸಿಪ್ಪೆ ತೆಗೆಯಲು ಒಂದು ಬಿದಿರು ಕಡ್ಡಿ ಇಟ್ಟಿದ್ದೇವೆ.

ಓಡಿಸುವ ರೀತಿ ಆಚಾರ್ರಿಂದ ಕಲಿತದ್ದು. ಡೊಂಕಾದ ಹಲಗೆಯ ಗುಳಿ ಬಿದ್ದ ಮುಖ ಕೆಳಗೆ ಬರಬೇಕು, ಆಗ ಎರಡು ಅಂಚಿನ ಮೇಲೆ ಅಲ್ಲಾಡದೆ ಕೂರುತ್ತದೆ. ಉಬ್ಬು ಕೆಳಗಿಟ್ಟರೆ ತೊಟ್ಟಿಲಿನ ಹಾಗೆ ತೂಗುತ್ತದೆ. ಮರದ ಎಳೆ ಯಾವ ಕಡೆ ಮಲಗಿದೆ ಅಂತ ಬದಿಯಿಂದ ನೋಡಿ ಓಡಿಸಬೇಕು. ಬೆಕ್ಕಿನ ಬೆನ್ನು ಸವರುವ ಹಾಗೆ, ಎದುರಿನಿಂದ ಸವರಿದರೆ ರೋಮ ಎದ್ದಂತೆ ಎಳೆ ಕಿತ್ತು ಬರುತ್ತದೆ. ಕಡಿತ ಗಟ್ಟಿ ಮರಕ್ಕೆ ಒಂದು ಸಲಕ್ಕೆ ಅರ್ಧ ಮಿಲಿಮೀಟರ್, ಸಿಲ್ವರ್‌ಗೆ 1 ಮಿಲಿಮೀಟರ್. ಆಸೆಪಟ್ಟು 3 ಇಟ್ಟರೆ ಮೋಟರ್ ನರಳುತ್ತದೆ, ಹಲಗೆ ಹಿಂದಕ್ಕೆ ಒದೆಯುತ್ತದೆ.

ಒಂದಡಿಗಿಂತ ಗಿಡ್ಡ ತುಂಡು ನಮ್ಮಲ್ಲಿ ಈ ಮಷಿನ್ ಮೇಲೆ ಹತ್ತುವುದಿಲ್ಲ. ಗಿಡ್ಡದ್ದು ಬೇಕಾದರೆ ಉದ್ದ ಹಲಗೆಯನ್ನೇ ಓಡಿಸಿ ಆಮೇಲೆ ಕತ್ತರಿಸುತ್ತೇವೆ. ಮುಖ ಓಡಿಸುವಾಗ ಬರಿಗೈ ಇಡುವುದಿಲ್ಲ. ಹಿಂದೆ ಹಿಮ್ಮಡಿ ಇರುವ ಮರದ ತಳ್ಳುಗ, ಅಡಿಗೆ ಹಳೇ ಬೈಕ್ ಟ್ಯೂಬಿನ ರಬ್ಬರ್ ಅಂಟಿಸಿದ್ದು, ಎರಡು ಇವೆ. ಕೈಗೆ ಗ್ಲೌಸ್ ಬೇಡವೇ ಬೇಡ. ಸಿಕ್ಕಿಕೊಂಡರೆ ಬಟ್ಟೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಆಚಾರ್ರು ನಲವತ್ತು ವರ್ಷದಿಂದ ಹೆಗಲಿನಿಂದ ಇಳಿಸದ ಟವೆಲನ್ನು ಈಗ ಮಷಿನ್ ಹತ್ತಿರ ಬರುವಾಗ ಮೊಳೆಗೆ ನೇತುಹಾಕುತ್ತಾರೆ. ಇದಕ್ಕೆ ಮಾತ್ರ ಎರಡು ತಿಂಗಳು ಜಗಳ ಆಡಿದ್ದೇನೆ.

ಸಿಲ್ವರ್ ಮರದ ಬಗ್ಗೆ ಒಂದು ಎಚ್ಚರ. ಅದರ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ನನಗೆ ಮೊಣಕೈ ತನಕ ಕೆಂಪಗೆ ದದ್ದು ಎದ್ದು ಒಂದು ವಾರ ತುರಿಸಿತು. ಈಗ ತುಂಬುತೋಳಿನ ಅಂಗಿ, ತೋಳಿಗೆ ಬಿಗಿ ಗುಂಡಿ, ಮೂಗಿಗೆ ಮಾಸ್ಕ್. ಯಾವ ಮರದ ಧೂಳೂ ಒಳ್ಳೆಯದಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿನಲ್ಲೇ ಇಟ್ಟಿದೆ. ಸಿಪ್ಪೆ ಮಾತ್ರ ಪಕ್ಕದ ಮನೆಯವರ ಕೊಟ್ಟಿಗೆಗೆ ಹೋಗುತ್ತದೆ, ದನದ ಅಡಿಗೆ ಹಾಸಲು. ಬದಲಿಗೆ ಆಗಾಗ ಮಜ್ಜಿಗೆ ಬರುತ್ತದೆ.

ನಾಲ್ಕು ವರ್ಷದಲ್ಲಿ ಕೆಟ್ಟದ್ದು ಏನೇನು? ಎರಡನೇ ವರ್ಷ ಮೋಟರಿನ ಕೆಪಾಸಿಟರ್ ಹೋಯಿತು. ಮಳೆಗಾಲದಲ್ಲಿ ನಮ್ಮ ಲೈನಿನಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತದೆ, ಆಗ ಮೋಟರ್ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಮೀಟರ್ ಬೋರ್ಡಿನಿಂದ ಗೋಡೌನಿಗೆ 4 ಚದರ ಮಿಲಿಮೀಟರ್ ವೈರ್ ಎಳೆಸಿದ ಮೇಲೆ ಸುಧಾರಿಸಿತು. ವೋಲ್ಟೇಜ್ 200ಕ್ಕಿಂತ ಕಡಿಮೆ ತೋರಿಸಿದರೆ ಆ ದಿನ ರಜಾ. ಇನ್‌ಫೀಡ್ ಟೇಬಲ್ ಏರಿಳಿಯುವ ಜಾಡಿನ ಸ್ಕ್ರೂಗಳು ವರ್ಷದಲ್ಲಿ ಸಡಿಲವಾಗಿ ಟೇಬಲ್ ತುದಿ ಜೋತುಬಿದ್ದಿತ್ತು. ಎರಡು ಹಲಗೆಯ ಅಂಚು ಜೋಡಿಸಿದರೆ ನಡುವೆ ಬೆಳಕು ಕಾಣತೊಡಗಿದಾಗ ಗೊತ್ತಾಯಿತು. ಬಿಗಿದ ಮೇಲೆ ಸರಿಯಾಯಿತು. ಫೆನ್ಸ್, ಅಂದರೆ ಅಂಚು ಓಡಿಸುವಾಗ ಹಲಗೆಯನ್ನು ಒತ್ತಿ ಹಿಡಿಯುವ ನಿಂತ ಪಟ್ಟಿ, ಮಾತ್ರ ಹುಟ್ಟಾ ತಿರುಚಿದೆ. ಈ ತುದಿಯಲ್ಲಿ 90 ಡಿಗ್ರಿ ಇಟ್ಟರೆ ಆ ತುದಿಯಲ್ಲಿ ಇರುವುದಿಲ್ಲ. ಕಟರಿನ ಎದುರಿಗೆ ಮೂಲೆಮಟ್ಟ ಇಟ್ಟು ಅಲ್ಲಿಗೆ ಸರಿ ಮಾಡಿಕೊಂಡು ಕೆಲಸ ಸಾಗಿಸುತ್ತಿದ್ದೇವೆ.

ಬ್ಲೇಡ್ ಎರಡು ಸೆಟ್ ಇಟ್ಟುಕೊಳ್ಳಿ. ಒಂದು ಸಲ ಹತ್ತಿರದಲ್ಲೇ ಕೈಯಲ್ಲಿ ಹಿಡಿದು ಸಾಣೆ ಹಿಡಿಸಿದೆವು, ಮೂರು ಬ್ಲೇಡ್ ಮೂರು ಅಗಲವಾಗಿ ಬಂತು. ತೂಕ ಏರುಪೇರಾಗಿ ಮಷಿನ್ ಪೂರ್ತಿ ನಡುಗಿತು. ಈಗ ಹಾಸನಕ್ಕೆ ಹೋಗುವವರ ಕೈಯಲ್ಲಿ ಕಳಿಸಿ, ಗ್ರೈಂಡಿಂಗ್ ಮಷಿನ್ ಮೇಲೆ ಮೂರನ್ನೂ ಒಟ್ಟಿಗೆ ಹಿಡಿಸಿಕೊಂಡು ಬರುತ್ತೇವೆ.

ತುಕ್ಕು ಬೇರೆ. ಜೂನ್‌ನಲ್ಲಿ ಎರಡು ದಿನ ಬಿಟ್ಟರೆ ಸಾಕು, ಬೀಡಿನ ಟೇಬಲ್ ಇಟ್ಟಿಗೆ ಬಣ್ಣಕ್ಕೆ ಬರುತ್ತದೆ. ಎಣ್ಣೆ ಹಚ್ಚಿದರೆ ಮರಕ್ಕೆ ಕಲೆ. ಮೇಣದ ಬತ್ತಿ ಉಜ್ಜಿ ಬಟ್ಟೆಯಿಂದ ಒರೆಸುತ್ತೇವೆ, ಮರ ಜಾರುವುದೂ ಸಲೀಸು. ಮರವೂ ಮಳೆಗಾಲದಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಓಡಿಸಿ ನೇರ ಮಾಡಿದ ಹಲಗೆ ಒಂದು ವಾರಕ್ಕೆ ಮತ್ತೆ ಡೊಂಕು. ಅದಕ್ಕೆ ಮೊದಲು 3 ಮಿಲಿಮೀಟರ್ ಜಾಸ್ತಿ ಬಿಟ್ಟು ಒರಟಾಗಿ ಓಡಿಸಿ, ಅಟ್ಟಕ್ಕೆ ಹಾಕಿ, ಹದಿನೈದು ದಿನ ಬಿಟ್ಟು ಕೊನೆಯ ಅಳತೆಗೆ ತರುತ್ತೇವೆ.

ಇಷ್ಟೆಲ್ಲ ಬೈದರೂ ಮಾರುತ್ತೀರಾ ಅಂದರೆ ಇಲ್ಲ. ಆಚಾರ್ರು ಕೈಹತ್ತರಿಯಲ್ಲಿ ಒಂದು ಮೇಜಿನ ಹಲಗೆಗಳ ಅಂಚು ಕೂಡಿಸಲು ಎರಡು ದಿನ ತೆಗೆದುಕೊಳ್ಳುತ್ತಿದ್ದರು, ಈಗ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯುತ್ತದೆ. ಬೇರಿಂಗ್ ಇನ್ನೂ ಸದ್ದು ಮಾಡಿಲ್ಲ. ಮೇಜಿನ ಮೇಲ್ಮೈಗೆ ಮಾತ್ರ ಕೊನೆಯಲ್ಲಿ ಅವರು ಇಂದಿಗೂ ಕೈಹತ್ತರಿಯನ್ನೇ ಎಳೆಯುತ್ತಾರೆ, ಮಷಿನಿನ ಸಣ್ಣ ಅಲೆ ಪಾಲಿಶ್ ಹಾಕಿದ ಮೇಲೆ ಕಿಟಕಿ ಬೆಳಕಿಗೆ ಕಾಣುತ್ತದೆ ಅಂತ. ನನಗೆ ಕಾಣುವುದಿಲ್ಲ. ಅವರಿಗೆ ಕಾಣುತ್ತದೆ.

ಐದು ನಕ್ಷತ್ರದಲ್ಲಿ ಎಷ್ಟು ಅಂದರೆ, ಬೀಡಿಗೆ ನಾಲ್ಕು, ಫೆನ್ಸಿಗೆ ಎರಡು, ಸ್ವಿಚ್ಚಿಗೆ ಸೊನ್ನೆ. ತರುವುದಾದರೆ ಮೇ ತಿಂಗಳೊಳಗೆ ತರಿಸಿಕೊಳ್ಳಿ. ನಮ್ಮದು ಜೂನ್ ಎರಡನೇ ವಾರ ಬಂತು, ಲಾರಿ ತೋಟದ ರಸ್ತೆಯ ಕೆಸರಿನಲ್ಲಿ ಹೂತು, ಮಷಿನನ್ನು ಸಿಲ್ವರ್ ಮರದ ಉರುಳೆಗಳ ಮೇಲೆ ಉರುಳಿಸಿಕೊಂಡು ಗೋಡೌನಿಗೆ ತರಲು ಆರು ಜನಕ್ಕೆ ಸಂಜೆಯಾಯಿತು.